14 ಸಾಲಿದ್ದರೆ ಸಾನೆಟ್ ಆಗುತ್ತಾ?

ಪ್ರಶ್ನೆ: ಇಂಗ್ಲಿಷ್ ಕವಿ ಶೆಲ್ಲಿಯ ‘ಓಡ್ ಟು ದಿ ವೆಸ್ಟ್ ವಿಂಡ್’ (ಪಶ್ಚಿಮದ ಗಾಳಿಗೆ) ಕವಿತೆಯಲ್ಲಿ ಐದು ಭಾಗ, ಪ್ರತಿಯೊಂದಕ್ಕೂ 14 ಸಾಲು. ಇದು ಓಡೋ, ಸಾನೆಟ್ಟೋ? ಮೊದಲ ಸಾಲಿನಲ್ಲಿ ಹತ್ತರ ಬದಲು 11 ಸಿಲಬಲ್ (ಒಂದೇ ಉಸಿರಿಗೆ ನುಡಿಯುವ ಪದದ ತುಣುಕು) ಯಾಕೆ?

ಉತ್ತರ: ಎಣಿಸಿ ಓದುವವರು ಕಡಿಮೆ, ಖುಷಿಯಾಯಿತು. 1820ರಲ್ಲಿ ಅಚ್ಚಾದ ಈ ಕವಿತೆ ಓಡ್, ಅಂದರೆ ಒಂದನ್ನು ಉದ್ದೇಶಿಸಿ ಹಾಡುವ ಭಾವಗೀತೆ, ಹೌದು; ಆದರೆ ಸಾನೆಟ್ಟಿನ 14 ಸಾಲಿನ ಅಳತೆಯನ್ನೂ ಕದ್ದಿದೆ. ಮೊದಲು ಸಾಲಿನ ಕೊನೆಯ ಪ್ರಾಸ ನೋಡಿ. ಮೂರು ಮೂರು ಸಾಲಿನ ಗುಂಪುಗಳು. ಒಂದು ಗುಂಪಿನ ನಡುವಿನ ಸಾಲಿನ ಪ್ರಾಸವನ್ನು ಮುಂದಿನ ಗುಂಪಿನ ಒಂದನೇ, ಮೂರನೇ ಸಾಲು ಹಿಡಿಯುತ್ತವೆ: ‘ಡೆಡ್’, ಆಮೇಲೆ ‘ರೆಡ್’, ‘ಬೆಡ್’. ಇದೇ ಇಟಲಿಯ ಕವಿ ಡಾಂಟೆ ಬಳಸಿದ ಟೆರ್ಜಾ ರೀಮಾ. ಎಲ್ಲೂ ನಿಲ್ಲೋಕೆ ಬಿಡಲ್ಲ. ಗಾಳಿಯ ಕವಿತೆಗೆ ಇದಕ್ಕಿಂತ ಒಳ್ಳೆಯ ಕಟ್ಟು ನನಗೆ ಹೊಳೆಯುವುದಿಲ್ಲ. ಇಂಥ ನಾಲ್ಕು ಗುಂಪಾದ ಮೇಲೆ ಪ್ರಾಸದ ಜೋಡಿ ಸಾಲು ಬಂದು ಬ್ರೇಕ್ ಹಾಕುತ್ತದೆ, ಶೇಕ್ಸ್‌ಪಿಯರ್ ಸಾನೆಟ್ಟಿನ ಕೊನೆಯ ಹಾಗೆ.

ನಡೆ ಅಯಾಂಬಿಕ್ ಪೆಂಟಾಮೀಟರ್: ಒತ್ತಿಲ್ಲದ ಒಂದು, ಒತ್ತಿರುವ ಒಂದು ಸಿಲಬಲ್ಲಿನ ಜೋಡಿ, ಸಾಲಿಗೆ ಐದು ಸಲ. ಆದರೆ ಮೊದಲ ಸಾಲಿನ ‘ವೈಲ್ಡ್ ವೆಸ್ಟ್ ವಿಂಡ್’ ಅಂತ ಜೋರಾಗಿ ಓದಿ. ಮೂರಕ್ಕೂ ಒತ್ತು ಬೀಳುತ್ತದೆ ಅಲ್ವಾ? ಗಾಳಿ ಶುರುವಿಗೇ ಲಯ ಕೆಡಿಸುತ್ತದೆ. ಹನ್ನೊಂದನೆಯದು ಆ ಸಾಲಿನ ಕೊನೆಯ ಪದ ‘ಬೀಯಿಂಗ್’ನ ಕೊನೆಯ, ಒತ್ತಿಲ್ಲದ ಸಿಲಬಲ್. ಅದಕ್ಕೆ ಛಂದಸ್ಸಿನಲ್ಲಿ ಅನುಮತಿ ಇದೆ. ಮೂರನೇ ಸಾಲಿನ ‘ಫ್ಲೀಯಿಂಗ್’ ಕೂಡ ಹಾಗೆಯೇ. ಮುಂದೆ ಬರುವ ‘ದೌ’ಗೆ ‘ಲೋ’ ಎಂಬ ಪ್ರಾಸ ಮಾತ್ರ ನನ್ನ ಕಿವಿಗೆ ಇನ್ನೂ ಕೂರುವುದಿಲ್ಲ.