2024ರಲ್ಲಿ ಟ್ರಂಪ್‌ಗೆ ವೋಟ್ ಹಾಕಿದ ಅಮೆರಿಕದ ಫ್ಲಾರಿಡಾ ರಾಜ್ಯದ ಮಯಾಮಿ-ಡೇಡ್ ಕೌಂಟಿನೇ (ನಮ್ಮ ಜಿಲ್ಲೆ ಥರ) ಗರ್ಭಪಾತದ ಹಕ್ಕಿಗೂ ಯೆಸ್ ಅಂದಿದ್ದು ಹೇಗೆ?

ಬ್ಯಾಲೆಟ್ ನೋಡಿದ್ರೆ ಅರ್ಥ ಆಗುತ್ತೆ. ಇಂಗ್ಲಿಷ್, ಸ್ಪ್ಯಾನಿಷ್, ಹೈಟಿ ಜನರ ಕ್ರಿಯೋಲ್ ಮೂರೂ ಭಾಷೇಲಿರೋ ಉದ್ದುದ್ದ ಹಾಳೆಗಳು, ಅಧ್ಯಕ್ಷರಿಂದ ಶೆರಿಫ್ (ಕೌಂಟಿ ಪೊಲೀಸ್ ಮುಖ್ಯಸ್ಥ) ತನಕ ಒಂದೊಂದು ಸ್ಥಾನಕ್ಕೂ ಬೇರೆಬೇರೆಯಾಗಿ ಗುರುತು ಹಾಕ್ತಾ ಬಂದು ಕೊನೆಗೆ ರಾಜ್ಯದ ಸಂವಿಧಾನ ತಿದ್ದುಪಡಿಗಳಿಗೆ ಯೆಸ್ ಅಥವಾ ನೋ. ಆ ಪ್ರಶ್ನೆಗಳ ಪಕ್ಕ ಪಕ್ಷದ ಹೆಸರೇ ಇರಲ್ಲ ನೋಡಿ, ಗುಟ್ಟು ಅಲ್ಲೇ ಇರೋದು.

2016ರಲ್ಲಿ ಇಲ್ಲಿ ಡೆಮಾಕ್ರಟ್ ಪಕ್ಷದ ಹಿಲರಿ ಕ್ಲಿಂಟನ್ ಟ್ರಂಪ್‌ಗಿಂತ ಸುಮಾರು 30 ಶೇಕಡಾ ಪಾಯಿಂಟ್ ಮುಂದಿದ್ರು, 2020ರಲ್ಲಿ ಅದೇ ಪಕ್ಷದ ಬೈಡನ್ ಬರೀ 7, 2024ರಲ್ಲಿ ಟ್ರಂಪ್ ಸುಮಾರು 55% ತಗೊಂಡು ಗೆದ್ದೇಬಿಟ್ರು, 1988ರ ನಂತರ ರಿಪಬ್ಲಿಕನ್ ಒಬ್ರು ಗೆದ್ದಿದ್ದು ಅದೇ ಮೊದಲು. ಬೆಲೆ ಏರಿಕೆ ಸಿಟ್ಟು ಒಂದು ಕಡೆ, ಕ್ಯೂಬಾ, ವೆನೆಜುವೆಲಾ ಬಿಟ್ಟು ಬಂದ ಮನೆಗಳಲ್ಲಿ 'ಸೋಶಿಯಲಿಸಂ' ಅಂದ್ರೆ ಮೈ ಉರಿಯೋದು ಇನ್ನೊಂದು ಕಡೆ. (ಲ್ಯಾಟಿನೋ ಅಂದ್ರೆ ಡೆಮಾಕ್ರಟ್ ಅಂತ ಲೆಕ್ಕ ಹಾಕ್ದೋರು ಇಲ್ಲೇ ಎಡವಿದ್ದು ಅನ್ಸುತ್ತೆ.)

ಆದ್ರೆ ಅದೇ ಹಾಳೇಲಿ ಗರ್ಭಪಾತದ ಹಕ್ಕನ್ನ ರಾಜ್ಯದ ಸಂವಿಧಾನಕ್ಕೆ ಸೇರಿಸೋ 4ನೇ ತಿದ್ದುಪಡಿಗೂ ಅರ್ಧಕ್ಕಿಂತ ಜಾಸ್ತಿ ಜನ ಯೆಸ್ ಅಂದ್ರು. ಇಡೀ ಫ್ಲಾರಿಡಾದಲ್ಲಿ 57% ಬಂತು, ಆದ್ರೂ ಬಿದ್ದೋಯ್ತು, ಯಾಕಂದ್ರೆ ಅಲ್ಲಿ ತಿದ್ದುಪಡಿ ಪಾಸ್ ಆಗೋಕೆ 60% ಬೇಕೇ ಬೇಕು. 2020ರಲ್ಲಿ ಇದೇ ರಾಜ್ಯ ಟ್ರಂಪ್‌ನ ಗೆಲ್ಸಿ, ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಪ್ರಸ್ತಾಪಾನ ಸುಮಾರು 61% ಕೊಟ್ಟು ಪಾಸ್ ಮಾಡಿತ್ತು.