ಕ್ಲಾಸಿನವರು ಮತ್ತೆ ಸಿಕ್ಕಾಗ ದೂರದಲ್ಲಿರುವವರ ಪಾಲಿನ ಕೆಲಸ

ನಿಮ್ಮ ಪ್ರಶ್ನೆಯನ್ನು ಮೊದಲು ಇಲ್ಲಿ ಹೇಳಿಬಿಡುತ್ತೇನೆ, ಬೇರೆಯವರು ಓದಿದರೂ ಅರ್ಥವಾಗಲಿ. ನೀವು ಎಚ್-1ಬಿ ಅನ್ನುವ ಕೆಲಸದ ವೀಸಾದ ಮೇಲೆ ಅಮೆರಿಕದ ನ್ಯೂ ಜೆರ್ಸಿಗೆ ಬಂದು ಮೂರು ತಿಂಗಳಾಗಿದೆ. ಕುಮಟಾ ತಾಲೂಕಿನ ಹೈಸ್ಕೂಲೊಂದರಲ್ಲಿ 2006ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ನಿಮ್ಮ ಕ್ಲಾಸಿನವರು ಈಗ ವಾಟ್ಸಾಪ್ ಗ್ರೂಪ್ ಕಟ್ಟಿ, ಜನವರಿಯಲ್ಲಿ ಗುರುವಂದನೆ ಇಟ್ಟುಕೊಂಡಿದ್ದಾರೆ. ಎಷ್ಟು ಡಾಲರ್ ಕಳಿಸಿದರೆ ಚೆಂದ, ರಜೆ ಹಾಕಿ ಹೋಗಲೇಬೇಕಾ, ಹೋಗದಿದ್ದರೆ ಇಲ್ಲಿಂದಲೇ ಎಂತ ಮಾಡಬಹುದು ಅಂತ ಕೇಳಿದ್ದೀರಿ.

ದುಡ್ಡಿನ ಮಾತು ಕೊನೆಗಿರಲಿ. ಗ್ರೂಪಿನಲ್ಲಿ ಎಷ್ಟು ಜನ ಇದ್ದಾರೆ ಅಂತ ಒಮ್ಮೆ ಎಣಿಸಿ, ಆಮೇಲೆ ಎಂಟನೇ ಕ್ಲಾಸಿನಲ್ಲಿ ಎಷ್ಟು ಬೆಂಚು ಇದ್ದವು ಅಂತ ನೆನಪು ಮಾಡಿಕೊಳ್ಳಿ. ಗ್ರೂಪು ಬೆಳೆಯುವುದು ಫೋನಿನಿಂದ ಫೋನಿಗೆ. ಯಾರ ಹತ್ತಿರ ಯಾರ ನಂಬರಿತ್ತೋ ಅವರಷ್ಟೇ ಒಳಗೆ ಬಂದಿರುತ್ತಾರೆ. ಅಂದರೆ ಒಂದೇ ಕೇರಿಯವರು, ಕಾಲೇಜಿಗೂ ಒಟ್ಟಿಗೆ ಹೋದವರು, ಬೆಂಗಳೂರು ಸೇರಿದವರು. ಒಂಬತ್ತಕ್ಕೇ ಬಿಟ್ಟು ಬೋಟಿಗೆ ಹೋದವ, ಪರೀಕ್ಷೆಯಲ್ಲಿ ಫೇಲಾಗಿ ಗೋವಾಕ್ಕೆ ಕೆಲಸಕ್ಕೆ ಹೋದವ, ಹದಿನೆಂಟು ತುಂಬುತ್ತಿದ್ದಂತೆ ಮದುವೆಯಾಗಿ ಘಟ್ಟ ಹತ್ತಿದವಳು ಇವರ್ಯಾರೂ ಇರುವುದಿಲ್ಲ. ಅವರು ಇಲ್ಲ ಅಂತ ಗ್ರೂಪಿನಲ್ಲಿದ್ದವರಿಗೆ ಗೊತ್ತೂ ಆಗುವುದಿಲ್ಲ. ಊರಲ್ಲಿರುವವರಿಗೆ ಶಾಮಿಯಾನ, ಅಡುಗೆ, ಹಾರ, ಶಾಲು ಅಂತ ನೂರು ಓಡಾಟ. ಕೂತು ಮಾಡುವ ಪಟ್ಟಿಯ ಕೆಲಸ ನಿಮ್ಮ ಪಾಲಿಗೆ ಬರಲಿ. ಅವರು ಮಲಗಿದ ಹೊತ್ತಿಗೆ ನಿಮಗೆ ಎಚ್ಚರ, ಅದೇ ಅನುಕೂಲ.

ಪಟ್ಟಿಯನ್ನು ಹತ್ತನೇ ಕ್ಲಾಸಿನ ಹಾಲ್ ಟಿಕೆಟಿನಿಂದ ಶುರು ಮಾಡಬೇಡಿ. ಪರೀಕ್ಷೆಗೆ ಕೂತವರು ಮಾತ್ರ ಅದರಲ್ಲಿ ಸಿಗುತ್ತಾರೆ. 2003ರ ಜೂನಿನಲ್ಲಿ ಎಂಟಕ್ಕೆ ಸೇರಿದವರು, ಮುಂದಿನ ಎರಡು ವರ್ಷ ನಡುವೆ ಬಂದು ಸೇರಿದವರು, ಹಿಂದಿನ ವರ್ಷ ಫೇಲಾಗಿ ನಿಮ್ಮ ಜೊತೆ ಕೂತವರು, ಮೂವರೂ ಬೇಕು. ಇದು ಸಿಗುವುದು ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ. ಊರಲ್ಲಿರುವ ಒಬ್ಬರು ಹೆಡ್ ಮಾಸ್ಟರಿಗೆ ಅರ್ಜಿ ಬರೆದು ಕೊಡಲಿ. ಅನುದಾನಿತ ಶಾಲೆಯಾದರೆ ಆಡಳಿತ ಮಂಡಳಿಗೂ ಒಂದು ಪ್ರತಿ ಕೊಡಲಿ. ಕಾರ್ಯಕ್ರಮ ಯಾವುದು, ಯಾವ ವರ್ಷದ ಹೆಸರು ಬೇಕು ಅನ್ನುವುದು ಅರ್ಜಿಯಲ್ಲಿ ಇರಬೇಕು. ಹೆಸರು, ತಂದೆಯ ಹೆಸರು, ಊರು ಈ ಮೂರನ್ನು ಕೈಯಲ್ಲಿ ಬರೆದುಕೊಂಡು ಬರಲು ಹೇಳಿ. ಪುಟದ ಫೋಟೋ ಹೊಡೆದು ಗ್ರೂಪಿಗೆ ಹಾಕುವ ಉತ್ಸಾಹ ಯಾರಿಗಾದರೂ ಬಂದೇ ಬರುತ್ತದೆ. ಅದನ್ನು ತಡೆಯಿರಿ. ಆ ಪುಟದಲ್ಲಿ ಜಾತಿ, ಹುಟ್ಟಿದ ದಿನ, ಶಾಲೆ ಬಿಟ್ಟ ಕಾರಣ ಎಲ್ಲ ಇರುತ್ತದೆ. ಇಪ್ಪತ್ತು ವರ್ಷದ ಮೇಲೆ ಅದನ್ನು ಹತ್ತು ಜನರ ಮುಂದೆ ಹರಡಿದರೆ, ಬರಬೇಕು ಅಂದುಕೊಂಡವರೂ ಹಿಂದೆ ಸರಿಯುತ್ತಾರೆ. (ಹುಟ್ಟಿದ ದಿನ ನಂಬಿ ಗ್ರೂಪಿನಲ್ಲಿ ಶುಭಾಶಯ ಹೇಳಲು ಹೊರಟರೂ ಕಷ್ಟವೇ. ಸೇರಿಸುವಾಗ ಮಾಸ್ತರು ಬರೆದುಕೊಂಡ ಜೂನ್ 1ರಂದು ಅರ್ಧ ಕ್ಲಾಸಿನ ಹುಟ್ಟುಹಬ್ಬ ಬರುತ್ತದೆ.)

ಬಂದ ಹೆಸರುಗಳನ್ನು ಗೂಗಲ್ ಶೀಟಿನಲ್ಲಿ ತುಂಬಿ. ಕಾಲಂ ಹೀಗಿರಲಿ: ಶಾಲೆಯ ಹೆಸರು, ತಂದೆಯ ಹೆಸರು, ಆಗಿನ ಊರು, ಈಗಿನ ಹೆಸರು, ಈಗಿನ ಊರು, ಫೋನ್, ಯಾರು ಮಾತಾಡಿದರು, ಯಾವ ದಿನ, ನಂಬರ್ ಗ್ರೂಪಿಗೆ ಹಾಕಲು ಒಪ್ಪಿದರಾ. ಕೊನೆಯ ಕಾಲಂ ಮರೆಯಬೇಡಿ. ತಂದೆಯ ಹೆಸರು, ಊರು ಎಂತಕ್ಕೆ ಅಂದರೆ ನಮ್ಮ ಕಡೆ ಒಂದು ಕ್ಲಾಸಿಗೆ ಮೂವರು ಮಂಜುನಾಥ ನಾಯ್ಕ, ಇಬ್ಬರು ಗಣಪತಿ ಹೆಗಡೆ ಇರುವುದು ಮಾಮೂಲು. ಬಾಡದ ಮಂಜುನಾಥನಿಗೆ ಹೋಗಬೇಕಾದ ಕರೆ ಮಿರ್ಜಾನದ ಮಂಜುನಾಥನಿಗೆ ಹೋಗುತ್ತದೆ. ಅವ ಬರುತ್ತೇನೆ ಅಂದಮೇಲೆ ಪಟ್ಟಿಯಲ್ಲಿ ಒಬ್ಬನಿಗೆ ಎರಡು ಗುರುತು ಬಿದ್ದು ಇನ್ನೊಬ್ಬ ಕಳೆದುಹೋಗುತ್ತಾನೆ.

ಹುಡುಕುವ ದಾರಿ ಆನ್‌ಲೈನಿನಲ್ಲಿ ಕಡಿಮೆ, ಊರಲ್ಲಿ ಜಾಸ್ತಿ. ಹೆಣ್ಣುಮಕ್ಕಳನ್ನು ಫೇಸ್‌ಬುಕ್ಕಿನಲ್ಲಿ ಹುಡುಕಿದರೆ ಮದುವೆಯ ನಂತರ ಹೆಸರು ಬದಲಾಗಿರುವುದರಿಂದ ಸಿಗುವುದಿಲ್ಲ. ತವರುಮನೆಗೆ ಒಬ್ಬರು ಹೋದರೆ ಐದು ನಿಮಿಷದ ಕೆಲಸ. ಘಟ್ಟದ ಮೇಲೆ ತೋಟದ ಮನೆಗೆ ಹೋದವರಾದರೆ ಆ ಊರಿನ ಸೇವಾ ಸಹಕಾರಿ ಸಂಘದಲ್ಲಿ ಅಥವಾ ಶಿರಸಿಯ ತೋಟಗಾರ್ಸ್ ಸೊಸೈಟಿಗೆ ಅಡಿಕೆ ಹಾಕುವ ನೆಂಟರ ಹತ್ತಿರ ಮನೆಯ ಗುರುತು ಸಿಗುತ್ತದೆ. ಅಂಚೆಯವರು, ಎಲ್‌ಐಸಿ ಏಜೆಂಟರು, ಊರಿನ ದೇವಸ್ಥಾನದ ವರ್ಧಂತಿಗೆ ವಂತಿಗೆ ಎತ್ತುವವರು, ಇವರಿಗೆ ಗೊತ್ತಿಲ್ಲದ ಮನೆ ಇಲ್ಲ. ಕಾರವಾರ, ಅಂಕೋಲಾ ಕಡೆ ಸೀಬರ್ಡ್ ನೌಕಾನೆಲೆಗೆ ಜಾಗ ಬಿಟ್ಟು ಎದ್ದ ಮನೆಗಳಾದರೆ ಹಳೆಯ ಊರಿನ ವಿಳಾಸದಿಂದ ಪ್ರಯೋಜನವಿಲ್ಲ, ತೋಡೂರಿನಂಥ ಪುನರ್ವಸತಿ ಕಾಲೊನಿಗಳಲ್ಲಿ ವಿಚಾರಿಸಬೇಕು.

ಮಾತಾಡುವುದರಲ್ಲಿ ಎಡವುವ ಜಾಗ ಮೂರು.

ಹೆಣ್ಣುಮಕ್ಕಳಿಗೆ ಮೊದಲ ಕರೆ ಕ್ಲಾಸಿನ ಹೆಣ್ಣುಮಗಳೇ ಮಾಡಲಿ, ಅದೂ ಮಧ್ಯಾಹ್ನ 2ರಿಂದ 4ರೊಳಗೆ. ಹಲವು ಮನೆಗಳಲ್ಲಿ ಸಿಗುವ ನಂಬರು ಗಂಡನದ್ದೋ ಮಗನದ್ದೋ ಆಗಿರುತ್ತದೆ. ಗೊತ್ತಿಲ್ಲದ ಗಂಡಸು ರಾತ್ರಿ 9ಕ್ಕೆ ಫೋನ್ ಮಾಡಿ "ನೆನಪಿದೆಯಾ" ಅಂದರೆ ಅವಳು ಮನೆಯವರಿಗೆಲ್ಲ ಉತ್ತರ ಹೇಳಬೇಕಾಗುತ್ತದೆ. ಊರಿನ ಮಧ್ಯಾಹ್ನದ ಆ ಹೊತ್ತು ನಿಮಗೆ ಬೆಳಗಿನ ಜಾವ 4:30ರಿಂದ 6:30. ಹಾಗಾಗಿ ಈ ಕರೆಗಳು ಹೇಗೂ ನಿಮ್ಮವಲ್ಲ. ಒಪ್ಪಿಗೆ ಕೇಳದೆ ನಂಬರನ್ನು ಸೀದಾ ಗ್ರೂಪಿಗೆ ಸೇರಿಸುವುದೂ ಬೇಡ.

ಬೋಟಿಗೆ ಹೋಗುವವರ ಫೋನು ಹಂಗಾಮಿನಲ್ಲಿ ದಿನಗಟ್ಟಲೆ ಹತ್ತುವುದಿಲ್ಲ. ಉತ್ತರ ಬರಲಿಲ್ಲ ಅಂತ ಅವರ ಹೆಸರಿನ ಮುಂದೆ ಆಸಕ್ತಿ ಇಲ್ಲ ಅಂತ ಬರೆದುಬಿಡುತ್ತಾರೆ, ಅದು ತಪ್ಪು. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಈಗ ಎಲ್ಲರೂ ದಡದಲ್ಲಿದ್ದಾರೆ, ಬಲೆ ರಿಪೇರಿ ಮಾಡುತ್ತಾ ಕೂತಿರುತ್ತಾರೆ, ಮಾತಿಗೆ ಪುರಸೊತ್ತಿದೆ.

ಮೂರನೆಯದು ನಿಮ್ಮದೇ ನಂಬರು. +1ರಿಂದ ಬರುವ ಕರೆ ಅಂದರೆ ಊರಲ್ಲಿ ಎಲ್ಲರಿಗೂ ಮೋಸದ ಭಯ, ಎತ್ತುವುದೇ ಇಲ್ಲ. ಮೊದಲು 20 ಸೆಕೆಂಡಿನ ವಾಯ್ಸ್ ಮೆಸೇಜ್ ಕಳಿಸಿ. ಹೆಸರಿಗಿಂತ ಮುಂಚೆ ಊರು, ಮನೆ, ಬೆಂಚು ಹೇಳಿ: "ನಾನು ಧಾರೇಶ್ವರದ ಇಂಥವರ ಮನೆಯವ, ಕಿಟಕಿ ಬದಿಯ ಮೂರನೇ ಬೆಂಚು." ಊರಿನ ಸಿಮ್ ಇದ್ದರೆ ರೀಚಾರ್ಜ್ ಮಾಡಿ ಜೀವಂತ ಇಡಿ. 90 ದಿನ ಏನೂ ಬಳಸದಿದ್ದರೆ ಕಂಪನಿ ಅದನ್ನು ಬಂದ್ ಮಾಡಿ ಮುಂದೆ ಬೇರೆಯವರಿಗೆ ಕೊಡಬಹುದು. ಬ್ಯಾಂಕಿನ ಒಟಿಪಿಯೂ ಅದರ ಜೊತೆ ಹೋಗುತ್ತದೆ.

ಕ್ಲಾಸ್ ಫೋಟೋ ಯಾರದ್ದಾದರೂ ಮನೆಯ ಗೋಡೆಯಲ್ಲಿ ಇದ್ದೇ ಇರುತ್ತದೆ. ಕರಾವಳಿಯ ಮಳೆಗಾಲದ ಥಂಡಿಗೆ ಅದು ಫ್ರೇಮಿನ ಗಾಜಿಗೆ ಅಂಟಿಕೊಂಡಿರುತ್ತದೆ. ಯಾರೂ ಅದನ್ನು ಎಳೆಯಬಾರದು. ಎಳೆದರೆ ಕಾಗದ ಕೈಗೆ ಬರುತ್ತದೆ, ಮುಖಗಳು ಗಾಜಿನಲ್ಲೇ ಉಳಿಯುತ್ತವೆ. ಅಂಟಿದ್ದರೆ ಗಾಜಿನ ಮೇಲಿಂದಲೇ ತೆಗೆಯಬೇಕು. ಗಾಜನ್ನು ಒಣ ಬಟ್ಟೆಯಲ್ಲಿ ಒರೆಸಿ, ಜಗಲಿಯ ನೆರಳಿನಲ್ಲಿ ಇಟ್ಟು, ಫ್ಲ್ಯಾಶ್ ಆಫ್ ಮಾಡಿ, ಎದುರಿಗೆ ಕಪ್ಪು ಬಟ್ಟೆ ಹಿಡಿದರೆ ಪ್ರತಿಬಿಂಬ ಬೀಳುವುದಿಲ್ಲ. ಪೂರ್ತಿ ಒಂದು, ಆಮೇಲೆ ಸಾಲು ಸಾಲಾಗಿ ಹತ್ತಿರದಿಂದ ಒಂದೊಂದು. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸುತ್ತದೆ, ಹಿಂದಿನ ಸಾಲಿನವರ ಮುಖ ಹಿಟ್ಟಾಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಲಿ. ನಿಮಗೆ ಬಂದಮೇಲೆ ಪ್ರತಿ ಮುಖಕ್ಕೂ ನಂಬರ್ ಹಾಕಿ, ದಿನಕ್ಕೆ ಒಂದೇ ಸಾಲನ್ನು ಗ್ರೂಪಿಗೆ ಬಿಡಿ. "14 ಯಾರು?" ಅನ್ನುವ ಪ್ರಶ್ನೆಗೆ ಬರುವಷ್ಟು ಉತ್ತರ "ಹಳೆಯ ನೆನಪು ಹಂಚಿಕೊಳ್ಳಿ" ಅಂದರೆ ಬರುವುದಿಲ್ಲ. ಫೋಟೋದ ದಿನ ಬಾರದವರ ಹೆಸರೂ ಹೀಗೆಯೇ ಹೊರಬೀಳುತ್ತದೆ.

ಗ್ರೂಪಿನ ಗತಿ ಎಲ್ಲ ಕಡೆ ಒಂದೇ. ಮೊದಲ ವಾರ ಮೆಸೇಜಿನ ಮಳೆ, ತಿಂಗಳೊಳಗೆ ಗುಡ್ ಮಾರ್ನಿಂಗ್ ಹೂವು, ಆಮೇಲೆ ರಾಜಕೀಯದ ಫಾರ್ವರ್ಡ್, ಒಬ್ಬಿಬ್ಬರು ಎದ್ದು ಹೋಗುವುದು. ಅಡ್ಮಿನ್ ಮಾತ್ರ ಬರೆಯುವ ಇನ್ನೊಂದು ಗ್ರೂಪ್ ಬೇರೆ ಇರಲಿ, ತಾರೀಕು, ಲೆಕ್ಕ ಅದರಲ್ಲಿ ಬರಲಿ. ಹರಟೆಯ ಗ್ರೂಪಿನಲ್ಲಿ ಇಂಗ್ಲಿಷ್ ಬರೆಯಬೇಡಿ, ಓದಲು ಬರುವವರೂ ಉತ್ತರ ಬರೆಯಲು ಅಂಜುತ್ತಾರೆ. ಕನ್ನಡ ಟೈಪು ಮಾಡಲು ಬಾರದವರೂ ವಾಯ್ಸಿನಲ್ಲಿ ಸಲೀಸಾಗಿ ಮಾತಾಡುತ್ತಾರೆ. ಕೇಳುವುದಾದರೆ ಸಣ್ಣದನ್ನು ಕೇಳಿ: ಮಳೆಗೆ ಯಾವ ಹಳ್ಳ ತುಂಬಿದರೆ ರಜೆ ಸಿಗುತ್ತಿತ್ತು, ಕತಗಾಲದ ಬಸ್ಸು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ, ಶನಿವಾರ ಗಂಟೆ ಹೊಡೆಯುವ ಪಾಳಿ ಯಾರದ್ದು. ಹವಿಗನ್ನಡದಲ್ಲಿ, ಕೊಂಕಣಿಯಲ್ಲಿ, ಮೀನುಗಾರ ಗಾಬಿತರ ಮಾತಿನಲ್ಲಿ ಬರುವ ಆ ಉತ್ತರಗಳನ್ನು ಡೌನ್‌ಲೋಡ್ ಮಾಡಿ ಹೆಸರು ಹಾಕಿ ಇಟ್ಟುಕೊಳ್ಳಿ, ಫೋನ್ ಬದಲಿಸಿದಾಗ ಮೊದಲು ಹೋಗುವುದು ಅವೇ.

ವೀಡಿಯೊ ಕರೆ ಮಾಡುವುದಾದರೆ ವಾಟ್ಸಾಪಿನಲ್ಲಿ 32 ಜನರ ಮಿತಿ, ಝೂಮ್ ಪುಕ್ಕಟೆಯಾದರೆ 40 ನಿಮಿಷಕ್ಕೆ ಕಟ್. ಭಾನುವಾರ ರಾತ್ರಿ ಊರಿನ 8:30 ಒಳ್ಳೆಯದು, ನಿಮಗೆ ಬೆಳಿಗ್ಗೆ 11. ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಹಿಂದಕ್ಕೆ ಹೋದಮೇಲೆ ಅದೇ 8:30 ನಿಮಗೆ 10 ಗಂಟೆ. ಸಮಯವನ್ನು ಯಾವಾಗಲೂ ಊರಿನ ಗಡಿಯಾರದಲ್ಲೇ ಹೇಳಿ.

ಜನವರಿಯ ಯಾವ ದಿನ ಅನ್ನುವುದು ಇನ್ನೂ ಗಟ್ಟಿಯಾಗಿಲ್ಲ ಅಂದಿರಿ. ಹೊಸ ವರ್ಷದ ಆಸುಪಾಸು ಬೇಡ ಅಂತ ಹೇಳಿನೋಡಿ, ಡಿಸೆಂಬರ್ ನಡುವಿನಿಂದ ಜನವರಿ ಮೊದಲ ವಾರದವರೆಗೆ ಇಲ್ಲಿಂದ ಟಿಕೆಟ್ ಅತಿ ದುಬಾರಿ. ಆದರೆ ನಿಮ್ಮ ಟಿಕೆಟಿಗಾಗಿ ಅವರು ದಿನ ಬದಲಿಸಬೇಕು ಅಂತ ಹಟ ಬೇಡ. ತೋಟದವರಿಗೆ ಅದು ಅಡಿಕೆ ಕೊಯ್ಲಿನ ಕಾಲ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಕ್ಕ ದಿನ ಅವರು ಮನೆ ಬಿಟ್ಟು ಬರುವ ಹಾಗಿಲ್ಲ. ಮಾರ್ಚ್ ಅಂದರೆ ಶಿಕ್ಷಕರಾದ ಗೆಳೆಯರಿಗೆ ಪರೀಕ್ಷೆ, ಸಮ ವರ್ಷವಾದರೆ ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ. ಎಲ್ಲರಿಗೂ ಸರಿಹೊಂದುವ ಭಾನುವಾರ ಪಂಚಾಂಗದಲ್ಲೇ ಇಲ್ಲ, ಮಾರಾಯ್ರೇ.

ಹೋಗುವುದಾದರೆ ಮೊದಲು ಪಾಸ್‌ಪೋರ್ಟಿನ ವೀಸಾ ಸ್ಟ್ಯಾಂಪು ವಾಪಸ್ ಬರುವ ದಿನಕ್ಕೂ ಚಾಲ್ತಿಯಲ್ಲಿದೆಯಾ ನೋಡಿ. ಮುಗಿದಿದ್ದರೆ ಕಾನ್ಸುಲೇಟಿನ ಸಂದರ್ಶನದ ದಿನ ಸಿಗದೆ ಊರಲ್ಲೇ ಸಿಕ್ಕಿಹಾಕಿಕೊಂಡವರು ಬಹಳ. ಐ-797 (ಎಚ್-1ಬಿ ಮಂಜೂರಾದ ಪತ್ರ), ಇತ್ತೀಚಿನ ಮೂರು ಪೇ ಸ್ಲಿಪ್, ಕಂಪನಿಯ ಪತ್ರ ಕೈಚೀಲದಲ್ಲಿರಲಿ. ಮುಂಬೈಗೆ ಇಳಿದರೆ ಕೊಂಕಣ ರೈಲಿನಲ್ಲಿ ಮತ್ಸ್ಯಗಂಧಾ ಕುಮಟಾಕ್ಕೇ ಬಿಡುತ್ತದೆ. ಮುಂಗಡ ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ, 120 ಅಂತ ಹಳೆಯ ಲೆಕ್ಕದಲ್ಲಿ ಇರಬೇಡಿ. ಗೋವಾಕ್ಕೆ ವಿಮಾನ ಅಂದರೆ ದಾಬೋಲಿಮ್ಮೋ ಮೋಪಾವೋ ನೋಡಿ ತೆಗೆಯಿರಿ. 2023ರ ಜನವರಿಯಲ್ಲಿ ಶುರುವಾದ ಮೋಪಾ ಗೋವಾದ ಬಡಗು ತುದಿ, ಇಡೀ ಗೋವಾ ದಾಟಿ ಬರಬೇಕು. ಮೊದಲ ವರ್ಷ ರಜೆ ಸಾಲದಿದ್ದರೆ ಹೋಗದಿರುವುದೇ ಸರಿ, ಪಟ್ಟಿ ಮಾಡಿಕೊಟ್ಟವನ ಮೇಲೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಕಾರ್ಯಕ್ರಮದಲ್ಲಿ ಹಾಜರಿ ಕರೆಯುವುದು ಇಟ್ಟುಕೊಳ್ಳಿ, ಭಾಷಣ ಕಡಿಮೆ ಮಾಡಿಸಿ. ತೀರಿಕೊಂಡವರ ಹೆಸರು ಓದುವ ಮುಂಚೆ ಪ್ರತಿ ಹೆಸರನ್ನೂ ಮನೆಯವರಿಂದಲೇ ಖಾತ್ರಿ ಮಾಡಿಕೊಳ್ಳಬೇಕು. ಒಂದೇ ಹೆಸರಿನ ಇಬ್ಬರಿದ್ದು, ಕೂತಿದ್ದವನಿಗೇ ಶ್ರದ್ಧಾಂಜಲಿ ಓದಿದ ಕಥೆ ಬೇಡ. ಮನೆಯವರು ಬರುವುದಿದ್ದರೆ ಮೊದಲೇ ಹೇಳಿ, ಮುಂದಿನ ಸಾಲಿನಲ್ಲಿ ಕೂರಿಸಿ. ಮಾಸ್ತರರಿಗೆ, ಅಕ್ಕೋರಿಗೆ ಮನೆ ಬಾಗಿಲಿಗೆ ಕಾರು ಹೋಗಲಿ. ಗಂಟೆ ಹೊಡೆಯುತ್ತಿದ್ದ ಜವಾನರ ಹೆಸರು ಆಮಂತ್ರಣದಲ್ಲಿ ಬಿಟ್ಟುಹೋಗುವುದು ಮಾಮೂಲಿ ತಪ್ಪು.

ಇನ್ನು ದುಡ್ಡು. ಎಲ್ಲರಿಗೆ ಎಷ್ಟು ವಂತಿಗೆ ಹಾಕಿದ್ದಾರೋ ಅಷ್ಟೇ ಕೊಡಿ. ನೀವು 50,000 ರೂಪಾಯಿ ಅಂತ ಗ್ರೂಪಿನಲ್ಲಿ ಬರೆದ ಕ್ಷಣ, 500 ಕೊಡಲು ಯೋಚಿಸುತ್ತಿದ್ದವ ಬಾಯಿ ಮುಚ್ಚುತ್ತಾನೆ, ಜನವರಿಯಲ್ಲಿ ಕೆಲಸದ ನೆವ ಹೇಳುತ್ತಾನೆ. ಹೆಚ್ಚು ಕೊಡುವ ಮನಸ್ಸಿದ್ದರೆ ಖಜಾಂಚಿಗೆ ಮಾತ್ರ ಹೇಳಿ, ಹೆಸರಿಲ್ಲದೆ ಕೊಡಿ. ಎಲ್ಲರ ಸಹಿ ಬೇಕಾಗುವ ಜಂಟಿ ಖಾತೆ ತೆರೆಯೋಣ ಅಂತ ಯಾರಾದರೂ ಹೇಳುತ್ತಾರೆ, ಅಂಥ ಖಾತೆಗೆ ಯುಪಿಐ ಸಿಗುವುದಿಲ್ಲ. ಒಬ್ಬರ ಬಳಸದೆ ಬಿದ್ದ ಖಾತೆಯನ್ನು ಇದಕ್ಕಷ್ಟೇ ಇಟ್ಟು, ವಾರಕ್ಕೊಮ್ಮೆ ಸ್ಟೇಟ್‌ಮೆಂಟ್ ಗ್ರೂಪಿಗೆ ಹಾಕುವುದು ಸುಲಭ. ಖರ್ಚಿನ ರಸೀದಿಗಳನ್ನೂ ಅವರು ಇಟ್ಟುಕೊಳ್ಳಲಿ, ನೆಂಟರಲ್ಲದವರಿಂದ ವರ್ಷಕ್ಕೆ 50,000 ದಾಟಿ ಬಂದ ಹಣ ಉಡುಗೊರೆ ಅಂತ ತೆರಿಗೆಯ ಲೆಕ್ಕಕ್ಕೆ ಬರಬಾರದಲ್ಲ. ನಿಮ್ಮ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಿದಿರಾ? ಇಲ್ಲದಿದ್ದರೆ ಅದೇ ಮೊದಲ ಕೆಲಸ. ಶಾಲೆಗೆ ಏನಾದರೂ ಕೊಡುವ ಮಾತು ಬಂದರೆ ಒಂದು ಸೂಕ್ಷ್ಮ ಇದೆ. ಭಾರತದ ಪೌರರಾಗಿರುವ ನೀವು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಆಗುವುದಿಲ್ಲ. ಇಲ್ಲಿನ ಪೌರತ್ವ ಪಡೆದ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡಿನ ಗೆಳೆಯ ಕೊಟ್ಟರೆ ಆಗುತ್ತದೆ, ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ಅನುಮತಿ ಇಲ್ಲದ ಸಂಸ್ಥೆ ಅದನ್ನು ತೆಗೆದುಕೊಳ್ಳುವ ಹಾಗಿಲ್ಲ.

ಅರ್ಜಿ ಈ ವಾರವೇ ಹೋಗಲಿ. ಜೂನಿನಲ್ಲಿ ಹೊಸ ದಾಖಲಾತಿ, ಟಿ.ಸಿ. ಕೆಲಸಕ್ಕೆ ರಿಜಿಸ್ಟರುಗಳು ಹೇಗೂ ಕಪಾಟಿನಿಂದ ಹೊರಗಿರುತ್ತವೆ. ಹೆಸರು ಕೈಗೆ ಬಂದಮೇಲೆ ಬೋಟಿನವರ ಸಾಲನ್ನು ಮೊದಲು ಹಿಡಿಯಿರಿ, ಆಗಸ್ಟ್ 1ಕ್ಕೆ ಅವರು ಮತ್ತೆ ಕಡಲಿಗೆ ಇಳಿಯುತ್ತಾರೆ.