1972ರ ಸಿ-10 ಪಿಕಪ್‌ಗೆ ರೀಬಿಲ್ಡ್ ಮಾಡಿಸಿದ 350 ಇಂಜಿನ್ ಕೂರಿಸುವಾಗ ಏನೇನು ನೋಡಿಕೊಳ್ಳಬೇಕು?

ನೀವು ಬರೆದಿರುವುದು ಇಷ್ಟು: ಕ್ಯಾಲಿಫೋರ್ನಿಯಾದಲ್ಲಿ 1972ರ ಶೆವರ್ಲೆ ಸಿ-10, ಟರ್ಬೊ 350 ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಮಷೀನ್ ಶಾಪ್‌ನಲ್ಲಿ ರೀಬಿಲ್ಡ್ ಆದ 350 (ಘನ ಇಂಚಿನ ವಿ8) ಇಂಜಿನ್, ಫ್ಲಾಟ್ ಟ್ಯಾಪೆಟ್ ಪರ್ಫಾರ್ಮೆನ್ಸ್ ಕ್ಯಾಮ್ (ವಾಲ್ವ್ ತೆರೆಯುವ ಕ್ಯಾಮಿನ ಮೇಲೆ ಚಪ್ಪಟೆ ತಳದ ಲಿಫ್ಟರ್ ಉಜ್ಜುತ್ತಾ ಓಡುವ ಬಗೆ), ಎಚ್‌ಇಐ ಡಿಸ್ಟ್ರಿಬ್ಯೂಟರ್ (ಎಲೆಕ್ಟ್ರಾನಿಕ್ ಇಗ್ನಿಷನ್), ಹೆಡರ್ (ಪೈಪುಗಳ ಎಕ್ಸಾಸ್ಟ್ ಮ್ಯಾನಿಫೋಲ್ಡ್). ಎತ್ತಿ ಕೂರಿಸುವುದು ಹೇಗೆ ಅಂತ ಕೇಳಿದ್ದೀರಿ. ಇಡೀ ಕೆಲಸದಲ್ಲಿ ಸುಲಭದ ಭಾಗ ಅದೇ. ಹೊಸದಾಗಿ ಕಟ್ಟಿದ ಇಂಜಿನ್ ಹಾಳಾಗುವುದು ಹೆಚ್ಚಾಗಿ ಆಮೇಲೆ, ಮೊದಲ ಸ್ಟಾರ್ಟಿನ ಅರ್ಧ ಗಂಟೆಯೊಳಗೆ.

ಮೊದಲು ಬ್ಲಾಕ್ ಯಾವ ಕಾಲದ್ದು ಅಂತ ಶಾಪ್‌ನವರನ್ನು ಕೇಳಿ. 1986ರಿಂದ ಈ ಇಂಜಿನ್‌ಗೆ ಒಂದೇ ತುಂಡಿನ ರಿಯರ್ ಮೇನ್ ಸೀಲ್ (ಕ್ರ್ಯಾಂಕಿನ ಹಿಂತುದಿಯಲ್ಲಿ ಆಯಿಲ್ ತಡೆಯುವ ಸೀಲ್) ಬಂತು, ಅದರ ಜೊತೆ ಕ್ರ್ಯಾಂಕಿನ ಹಿಂಬದಿಯ ಬೋಲ್ಟ್ ವೃತ್ತವೂ 3.58 ಇಂಚಿನಿಂದ 3.00 ಇಂಚಿಗೆ ಇಳಿಯಿತು. ನಿಮ್ಮ ಹಳೇ ಫ್ಲೆಕ್ಸ್‌ಪ್ಲೇಟ್ (ಕ್ರ್ಯಾಂಕಿಗೂ ಗೇರ್‌ಬಾಕ್ಸಿಗೂ ನಡುವಿನ ಹಲ್ಲಿನ ತಟ್ಟೆ) ಅದಕ್ಕೆ ಕೂರುವುದಿಲ್ಲ. ಹೊಸ ಮಾದರಿಯ ಪ್ಲೇಟಿನಲ್ಲಿ ಬ್ಯಾಲೆನ್ಸಿಗೆ ತೂಕವೂ ಇರಬೇಕು. ಸ್ಟ್ರೋಕ್ ಹೆಚ್ಚಿಸಿ 383 ಘನ ಇಂಚು ಮಾಡಿಸಿದ್ದರೆ ಬ್ಯಾಲೆನ್ಸ್ ಇಂಟರ್ನಲ್ಲೋ ಎಕ್ಸ್‌ಟರ್ನಲ್ಲೋ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ತಪ್ಪು ಪ್ಲೇಟ್ ಹಾಕಿದರೆ ಗಾಡಿ ನಡುಗುತ್ತದೆ, ಬೇರಿಂಗ್ ತಿನ್ನುತ್ತದೆ. ಹಲ್ಲಿನ ಲೆಕ್ಕವೂ ಮುಖ್ಯ: 153 ಹಲ್ಲಿನ ಪ್ಲೇಟಿಗೆ ಒಂದು ಸ್ಟಾರ್ಟರ್, 168 ಹಲ್ಲಿನದಕ್ಕೆ ಇನ್ನೊಂದು.

ಇಂಜಿನ್ ಇನ್ನೂ ಹೊರಗಿರುವಾಗಲೇ ಮುಗಿಸಬೇಕಾದ ಕೆಲಸಗಳಿವೆ. ಫ್ಲೆಕ್ಸ್‌ಪ್ಲೇಟ್ ಬೋಲ್ಟುಗಳಿಗೆ ಥ್ರೆಡ್ ಲಾಕರ್ ಹಚ್ಚಿ 60 ಫುಟ್-ಪೌಂಡ್ ಕೊಡಿ. ಇಂಟೇಕ್ ಮ್ಯಾನಿಫೋಲ್ಡಿನ ಹಿಂದೆ-ಮುಂದೆ ಬರುವ ಕಾರ್ಕ್ ಪಟ್ಟಿಗಳನ್ನು ಬಿಸಾಡಿ, ಆ ಜಾಗದಲ್ಲಿ ಕಾಲಿಂಚು ದಪ್ಪ ಸಿಲಿಕೋನ್ ಎಳೆಯಿರಿ. ಹಿಂದಿನ ಪಟ್ಟಿ ಜಾರಿದರೆ ಆಯಿಲ್ ಬೆಲ್‌ಹೌಸಿಂಗ್ (ಗೇರ್‌ಬಾಕ್ಸಿನ ಮುಂಭಾಗದ ಗಂಟೆಯಾಕಾರದ ಕವಚ) ಮೇಲೆ ಇಳಿದು, ರಿಯರ್ ಮೇನ್ ಸೀಲ್ ಹೋಗಿದೆಯೇನೋ ಅನ್ನಿಸುತ್ತದೆ. ಎಷ್ಟೋ ಜನ ಅದಕ್ಕೇ ಗೇರ್‌ಬಾಕ್ಸ್ ಬಿಚ್ಚುತ್ತಾರೆ. ಮೆಕ್ಯಾನಿಕಲ್ ಫ್ಯುಯೆಲ್ ಪಂಪ್ ಇದ್ದರೆ ಅದರ ಪುಶ್‌ರಾಡ್ ಕೆಳಕ್ಕೆ ಜಾರಿ ಪಂಪ್ ಕೂರಲು ಬಿಡುವುದಿಲ್ಲ. ಬ್ಲಾಕಿನ ಮುಂಭಾಗದಲ್ಲಿ, ಪ್ಯಾಸೆಂಜರ್ ಬದಿಯ ಮೇಲಿನ ತೂತಿಗೆ ಉದ್ದನೆಯ ಬೋಲ್ಟ್ ಹಾಕಿ ಬೆರಳಲ್ಲೇ ತಿರುಗಿಸಿದರೆ ಅದು ರಾಡನ್ನು ಒತ್ತಿ ಹಿಡಿಯುತ್ತದೆ. ಪಂಪ್ ಕೂತ ಮೇಲೆ ಮರೆಯದೆ ಅಲ್ಲಿಗೆ ಗಿಡ್ಡ ಬೋಲ್ಟ್ ವಾಪಸ್ ಹಾಕಿ.

ಕಬ್ಬಿಣದ ಹೆಡ್‌ಗಳಿದ್ದರೆ ಇಂಜಿನ್ ಸುಮಾರು 260 ಕೆಜಿ ತೂಗುತ್ತದೆ. ಬಾನೆಟ್ ತೆಗೆದುಬಿಡಿ, ಹಾಯ್ಸ್ಟಿಗೆ ಲೆವೆಲರ್ ಹಾಕಿ, ಗೇರ್‌ಬಾಕ್ಸಿಗೆ ಕೆಳಗಿಂದ ಜ್ಯಾಕ್ ಕೊಡಿ. ಇಲ್ಲಿ ಕೆಡುವ ವಸ್ತು ಟಾರ್ಕ್ ಕನ್ವರ್ಟರ್ (ಇಂಜಿನ್ನಿನ ತಿರುವನ್ನು ಆಯಿಲ್ ಮೂಲಕ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ದಾಟಿಸುವ ಭಾಗ). ಅದನ್ನು ತಿರುಗಿಸುತ್ತಾ ಒಳಕ್ಕೆ ತಳ್ಳಿದರೆ ಎರಡು ಮೂರು ಸಲ ‘ಟಕ್’ ಅಂತ ಕೂರಬೇಕು. ಕೊನೆಯದು ಪಂಪಿನ ಹಿಡಿತ. ಬೆಲ್‌ಹೌಸಿಂಗ್ ಎರಡು ಡವೆಲ್ ಪಿನ್‌ಗಳ ಮೇಲೆ ಕೈಯಲ್ಲೇ ಬ್ಲಾಕಿಗೆ ಪೂರ್ತಿ ಮುಟ್ಟಬೇಕು. ಸಂದು ಉಳಿದಿದ್ದರೆ ಬೋಲ್ಟ್ ಬಿಗಿದು ಎಳೆಯಲೇಬೇಡಿ, ಗೇರ್‌ಬಾಕ್ಸಿನ ಪಂಪ್ ಒಡೆಯುತ್ತದೆ. ಬೆಲ್‌ಹೌಸಿಂಗ್ ಬೋಲ್ಟ್ ಆದ ಮೇಲೂ ಕನ್ವರ್ಟರ್ ಕೈಗೆ ಸಲೀಸಾಗಿ ತಿರುಗಬೇಕು, ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ 1/8ರಿಂದ 3/16 ಇಂಚು ಸಂದು ಇರಬೇಕು. ಆಮೇಲೆ ಅದನ್ನು ಮುಂದಕ್ಕೆ ಎಳೆದು 35 ಫುಟ್-ಪೌಂಡ್. ಸಂದೇ ಇಲ್ಲವೆಂದರೆ ಅಲ್ಲಿಗೇ ನಿಲ್ಲಿಸಿ, ಹೊರಗೆಳೆದು ಮತ್ತೆ ನೋಡಿ.

ವೈರಿಂಗಿನಲ್ಲಿ ಎರಡೇ ಮಾತು. 1972ರ ಗಾಡಿ ಪಾಯಿಂಟ್ಸ್ (ಯಾಂತ್ರಿಕ ಸ್ವಿಚ್ಚಿನ ಇಗ್ನಿಷನ್) ಕಾಲದ್ದು, ಕಾಯಿಲ್‌ಗೆ ಬರುವುದು ರೆಸಿಸ್ಟೆನ್ಸ್ ವೈರ್. ಅದನ್ನೇ ಎಚ್‌ಇಐಗೆ ಕೊಟ್ಟರೆ ಐಡಲ್‌ನಲ್ಲಿ ಚೆನ್ನಾಗೇ ಇರುತ್ತದೆ, ಆರ್‌ಪಿಎಂ ಏರಿದಾಗ ಮಿಸ್ ಹೊಡೆಯುತ್ತದೆ. ಜನ ಕಾರ್ಬುರೇಟರ್ ಬಿಚ್ಚುತ್ತಾ ಕೂರುತ್ತಾರೆ. ಇಗ್ನಿಷನ್ ಆನ್ ಆದಾಗ ಪೂರ್ತಿ 12 ವೋಲ್ಟ್ ಬರುವ ಫ್ಯೂಸ್ ಟರ್ಮಿನಲ್‌ನಿಂದ 12 ಗೇಜಿನ ಹೊಸ ವೈರ್ ಎಳೆಯಿರಿ. ಎರಡನೆಯದು ಅರ್ತಿಂಗ್. ಬ್ಲಾಕಿಗೆ ಹೊಸ ಪೇಂಟ್ ಹೊಡೆದಿರುತ್ತದೆ, ಮೌಂಟಿನಲ್ಲಿ ರಬ್ಬರ್ ಇರುತ್ತದೆ. ಪೇಂಟ್ ಕೆರೆದು ಬ್ಯಾಟರಿ ನೆಗೆಟಿವ್‌ನಿಂದ ಬ್ಲಾಕಿಗೆ, ಇಂಜಿನ್‌ನಿಂದ ಫೈರ್‌ವಾಲಿಗೆ ಪ್ರತ್ಯೇಕ ಪಟ್ಟಿ ಹಾಕಿ. ಇಲ್ಲದಿದ್ದರೆ ಸ್ಟಾರ್ಟರಿನ ಕರೆಂಟ್ ಆಕ್ಸಿಲರೇಟರ್ ಕೇಬಲ್‌ನಲ್ಲಿ ದಾರಿ ಹುಡುಕಿ ಅದನ್ನು ಸುಡುತ್ತದೆ.

ಈಗ ಆಯಿಲ್. ಫಿಲ್ಟರ್ ಸೇರಿ 5 ಕ್ವಾರ್ಟ್, ಜಿಂಕ್ ಹೆಚ್ಚಿರುವ ಬ್ರೇಕ್-ಇನ್ ಆಯಿಲ್. ಈಗಿನ ಕಾರುಗಳ ಆಯಿಲ್‌ನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಉಳಿಯಲಿ ಅಂತ ಜಡ್‌ಡಿಡಿಪಿ (ಜಿಂಕ್ ಇರುವ, ಸವೆತ ತಡೆಯುವ ಸಂಯುಕ್ತ) ಕಡಿಮೆ ಮಾಡಿದ್ದಾರೆ. ಫ್ಲಾಟ್ ಟ್ಯಾಪೆಟ್‌ಗೆ ಅದು ಸಾಲದು. ಡಿಸ್ಟ್ರಿಬ್ಯೂಟರ್ ಹಾಕುವ ಮುಂಚೆ ಪ್ರೈಮ್ ಮಾಡಿ, ಅಂದರೆ ಡ್ರಿಲ್ಲಿನಿಂದ ಆಯಿಲ್ ಪಂಪ್ ತಿರುಗಿಸಿ ಒಳಗೆಲ್ಲ ಆಯಿಲ್ ಹರಿಸಿ. ಬರೀ ರಾಡ್ ಅಲ್ಲ, ಕಾಲರ್ ಇರುವ ಪ್ರೈಮಿಂಗ್ ಟೂಲ್ ಬೇಕು, ಯಾಕೆಂದರೆ ಲಿಫ್ಟರಿಗೆ ಹೋಗುವ ಆಯಿಲ್ ದಾರಿಯನ್ನು ಮುಚ್ಚುವುದು ಡಿಸ್ಟ್ರಿಬ್ಯೂಟರಿನ ಮೈ. ಕಾಲರ್ ಇಲ್ಲದಿದ್ದರೆ ಆಯಿಲ್ ಅಲ್ಲೇ ಸೋರಿ ವಾಲ್ವ್ ಒತ್ತುವ ರಾಕರ್‌ವರೆಗೆ ಸರಿಯಾಗಿ ಏರುವುದಿಲ್ಲ. ಡ್ರಿಲ್ ಗಡಿಯಾರದ ದಿಕ್ಕಿನಲ್ಲಿ ತಿರುಗಲಿ. ನಡುನಡುವೆ ಕ್ರ್ಯಾಂಕನ್ನು 90 ಡಿಗ್ರಿ ತಿರುಗಿಸುತ್ತಾ, 16 ರಾಕರ್‌ಗಳಲ್ಲೂ ಆಯಿಲ್ ಕಾಣುವವರೆಗೆ ಬಿಡಬೇಡಿ.

ಒಂದನೇ ಸಿಲಿಂಡರ್ (ಡ್ರೈವರ್ ಬದಿ, ಮುಂದಿನದು) ಕಂಪ್ರೆಷನ್ ಸ್ಟ್ರೋಕಿನಲ್ಲಿರಲಿ, ಪ್ಲಗ್ ತೂತಿಗೆ ಬೆರಳಿಟ್ಟರೆ ಗೊತ್ತಾಗುತ್ತದೆ. ಟೈಮಿಂಗ್ ಗುರುತು ಟಿಡಿಸಿಗಿಂತ (ಪಿಸ್ಟನ್ ತುತ್ತತುದಿ ಮುಟ್ಟುವ ಬಿಂದು) 10-12 ಡಿಗ್ರಿ ಮುಂಚೆ ಇರುವಂತೆ ನಿಲ್ಲಿಸಿ ಡಿಸ್ಟ್ರಿಬ್ಯೂಟರ್ ಇಳಿಸಿ. ಫೈರಿಂಗ್ ಆರ್ಡರ್ 1-8-4-3-6-5-7-2, ರೋಟರ್ ಗಡಿಯಾರದ ದಿಕ್ಕಿಗೆ. 5 ಮತ್ತು 7 ಅಕ್ಕಪಕ್ಕದ ಸಿಲಿಂಡರುಗಳು, ಒಂದರ ಹಿಂದೊಂದು ಉರಿಯುತ್ತವೆ. ಅವುಗಳ ವೈರ್ ಒಟ್ಟಿಗೆ ಕಟ್ಟಬೇಡಿ. ಕಾರ್ಬುರೇಟರಿನ ಬೌಲ್ ಮೊದಲೇ ತುಂಬಿಡಿ. ಇಷ್ಟೆಲ್ಲ ಯಾಕೆಂದರೆ ಇಂಜಿನ್ ಕೆಲವೇ ಸೆಕೆಂಡಿನಲ್ಲಿ ಹತ್ತಿಕೊಳ್ಳಬೇಕು. ಸುಮ್ಮನೆ ಕ್ರ್ಯಾಂಕ್ ಮಾಡುತ್ತಾ ಕೂತರೆ ಕ್ಯಾಮಿಗೆ ಹಚ್ಚಿದ ಪೇಸ್ಟ್ ಒರೆಸಿಹೋಗುತ್ತದೆ.

ಹತ್ತಿಕೊಂಡ ತಕ್ಷಣ 2000 ಆರ್‌ಪಿಎಂಗೆ ಏರಿಸಿ, 20-30 ನಿಮಿಷ 2000-2500ರ ನಡುವೆ ಆಡಿಸುತ್ತಾ ಇರಿ. ಐಡಲ್‌ಗೆ ಬಿಡಲೇಬಾರದು. ಕ್ಯಾಮಿನ ಉಬ್ಬುಗಳಾದ ಲೋಬ್‌ಗಳಿಗೆ ಆಯಿಲ್ ಸಿಗುವುದು ಹೆಚ್ಚಾಗಿ ಕ್ರ್ಯಾಂಕ್ ಎರಚುವುದರಿಂದ, ಐಡಲ್‌ನಲ್ಲಿ ಅದು ಸಾಲದು. ಲಿಫ್ಟರ್‌ಗಳು ತಿರುಗುತ್ತಾ ಲೋಬಿನ ಜೊತೆ ಹೊಂದಿಕೊಳ್ಳುವುದೂ ಈಗಲೇ. ತಿರುಗದ ಲಿಫ್ಟರ್ ತನ್ನ ಲೋಬನ್ನು ಸವೆಸಿಬಿಡುತ್ತದೆ. ಡ್ಯುಯಲ್ ವಾಲ್ವ್ ಸ್ಪ್ರಿಂಗ್ ಇದ್ದರೆ ಇಷ್ಟು ಹೊತ್ತಿಗೆ ಒಳಗಿನವನ್ನು ತೆಗೆದಿಡಿ. ಆಯಿಲ್ ಪ್ರೆಶರ್ ಬಿದ್ದರೆ ಅಥವಾ ಉಷ್ಣತೆ 110 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆಫ್ ಮಾಡಿ, ಕಾರಣ ಸರಿಪಡಿಸಿ, ಉಳಿದ ನಿಮಿಷಗಳನ್ನು ಮತ್ತೆ ನೇರ 2000ದಿಂದ ಮುಂದುವರಿಸಿ. ಥರ್ಮೋಸ್ಟಾಟಿನಲ್ಲಿ 1/8 ಇಂಚಿನ ತೂತು ಕೊರೆದರೆ ಗಾಳಿ ಸಿಕ್ಕಿಕೊಳ್ಳುವುದಿಲ್ಲ. ಹೊಸ ಕೋಟೆಡ್ ಹೆಡರ್ ಈ ಶಾಖಕ್ಕೆ ಬಣ್ಣಗೆಡುತ್ತದೆ. ಹಳೇ ಮ್ಯಾನಿಫೋಲ್ಡ್ ಇದ್ದರೆ ಇದಕ್ಕೆ ಅದನ್ನೇ ಹಾಕಿ.

ನನ್ನ ಅಭಿಪ್ರಾಯ ಕೇಳಿದರೆ, ಬಜೆಟ್ ಇದ್ದರೆ ರೋಲರ್ ಕ್ಯಾಮಿಗೆ ಬದಲಿಸಿ, ಈ ಅರ್ಧ ಗಂಟೆಯ ತಲೆನೋವೇ ಇರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೆಯ ಪೆಟ್ರೋಲ್ ಗಾಡಿಗಳಿಗೆ ಸ್ಮಾಗ್ ಚೆಕ್ ಇಲ್ಲ, ನಿಮಗೆ ಆ ಚಿಂತೆ ಬೇಡ. 1976 ಮತ್ತು ಅದರ ನಂತರದ ಗಾಡಿಯಿರುವ ಗೆಳೆಯರು ಈ ಪಾರ್ಟ್ಸ್ ಪಟ್ಟಿಯನ್ನು ಹಾಗೇ ನಕಲು ಮಾಡುವಂತಿಲ್ಲ.

ಬ್ರೇಕ್-ಇನ್ ಮುಗಿದ ಕೂಡಲೇ ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ ಮಡಿಕೆಗಳಿಗೆ ಮ್ಯಾಗ್ನೆಟ್ ಹಿಡಿಯಿರಿ. ಅಸೆಂಬ್ಲಿ ಪೇಸ್ಟಿನ ಕಪ್ಪು ಮಸಿ ಸಹಜ. ಮ್ಯಾಗ್ನೆಟ್ಟಿಗೆ ಕಬ್ಬಿಣದ ಚೂರು ದಪ್ಪಗೆ ಅಂಟಿದರೆ ಲೋಬ್ ಹೋಗುತ್ತಿದೆ, ಓಡಿಸಬೇಡಿ. ಸರಿಯಿದ್ದರೆ ವ್ಯಾಕ್ಯೂಮ್ ಪೈಪ್ ಕಿತ್ತು ಮುಚ್ಚಿ, ಆರ್‌ಪಿಎಂ ಏರಿಸಿ, ಅಡ್ವಾನ್ಸ್ ಏರುವುದು ನಿಂತಾಗ ಒಟ್ಟು ಟೈಮಿಂಗ್ 34-36 ಡಿಗ್ರಿಗೆ ಇಡಿ. ಹೆಡರ್ ಬೋಲ್ಟುಗಳನ್ನು ಇಂಜಿನ್ ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿಯಿರಿ, ಮುಂದಿನ ಆಯಿಲ್ 500 ಮೈಲಿಗೆ.